ಎರಡು ನೋಡ್ ಸಾಕು ಅನ್ನುವವರಿಗೆ

ಡೇಟಾಬೇಸಿಗೆ ಎರಡು ನೋಡ್, ಅಂದರೆ ಜೊತೆಯಾಗಿ ಕೆಲಸ ಮಾಡುವ ಎರಡು ಸರ್ವರ್, ಇದ್ದರೆ ಸಾಕು ಅನ್ನುವವರಿದ್ದಾರೆ. ಒಂದು ಸಲ ಅಂಥ ಎರಡು ಸರ್ವರ್‌ಗಳ ಒಂದೇ ಟೇಬಲ್ಲನ್ನು ಅಕ್ಕಪಕ್ಕ ತೆರೆದು ನೋಡಿದೆ. ಆರ್ಡರ್ ನಂಬರ್ 1042 ಎರಡೂ ಕಡೆ ಇತ್ತು, ಆದರೆ ಗ್ರಾಹಕರು ಬೇರೆ ಬೇರೆ. ಇಬ್ಬರೂ ದುಡ್ಡು ಕಟ್ಟಿದ್ದರು. ಆಗಿದ್ದಿಷ್ಟೇ: ಮಧ್ಯೆ ನೆಟ್‌ವರ್ಕ್ ಕೆಲವು ನಿಮಿಷ ಕಡಿದಿತ್ತು, ಪ್ರೈಮರಿ (ಡೇಟಾ ಬರೆಸಿಕೊಳ್ಳುವ ಮುಖ್ಯ ಸರ್ವರ್) ಸತ್ತಿದೆ ಅಂದುಕೊಂಡು ಸ್ಟ್ಯಾಂಡ್‌ಬೈ (ಅದರ ನಕಲು ಇಟ್ಟುಕೊಂಡು ಕಾಯುವ ಸರ್ವರ್) ತಾನೇ ಪ್ರೈಮರಿ ಆಗಿಬಿಟ್ಟಿತ್ತು, ಹಳೆಯದು ಮಾತ್ರ ಬದುಕಿಯೇ ಇದ್ದು ತನ್ನ ಪಾಡಿಗೆ ರೈಟ್ (ಬರೆಯಬೇಕಾದ ಹೊಸ ಡೇಟಾ) ತಗೊಳ್ಳುತ್ತಿತ್ತು.

ಸ್ಪ್ಲಿಟ್ ಬ್ರೇನ್ ಅಂದರೆ ಇದೇ. ಉತ್ತರ ಬರಲಿಲ್ಲ ಅಂದ ಮಾತ್ರಕ್ಕೆ ಆ ಕಡೆಯ ನೋಡ್ ಸತ್ತಿದೆ ಅಂತ ಹೇಳೋಕಾಗಲ್ಲ, ಅಲ್ವಾ? ಟೈಮ್‌ಔಟ್ (ಉತ್ತರಕ್ಕೆ ಕಾಯುವ ಅವಧಿ) ಎಷ್ಟು ಹೆಚ್ಚಿಸಿದರೂ ಈ ಅನುಮಾನ ಹೋಗುವುದಿಲ್ಲ.

ಅದಕ್ಕೇ ಕೋರಂ, ಅಂದರೆ ಬಹುಮತ, ಬೇಕು. ಅರ್ಧಕ್ಕಿಂತ ಜಾಸ್ತಿ ನೋಡ್‌ಗಳು ಇರುವ ಗುಂಪು ಮಾತ್ರ ಬರೆಯಬೇಕು, ಉಳಿದವು ತಾವಾಗಿಯೇ ನಿಲ್ಲಬೇಕು. ಮೂರರಲ್ಲಿ ಎರಡು, ಐದರಲ್ಲಿ ಮೂರು. ನಾಲ್ಕಿದ್ದರೂ ಮೂರು ಬೇಕು, ಹಾಗಾಗಿ ನಾಲ್ಕನೆಯದರಿಂದ ಈ ವಿಷಯದಲ್ಲಿ ಲಾಭವಿಲ್ಲ. ಎರಡೇ ಇದ್ದರೆ ಒಂದು ಹೋದ ಕೂಡಲೇ ಬಹುಮತವೂ ಹೋಯಿತು. ಮೂರನೆಯದರಲ್ಲಿ ಡೇಟಾ ಇರಲೇಬೇಕು ಅಂತಿಲ್ಲ. ಹಲವು ಡೇಟಾಬೇಸ್ ಸರ್ವರ್‌ಗಳನ್ನು ಜೋಡಿಸುವ ಗಲೇರಾದಲ್ಲಿ ಬರೀ ಓಟು ಹಾಕಲು ಗಾರ್ಬ್‌ಡಿ ಅನ್ನುವ ಪ್ರೋಗ್ರಾಂ ಇದೆ. ಆದರೆ ಅದನ್ನು ಮೊದಲೆರಡರ ಜೊತೆ ಒಂದೇ ರ‍್ಯಾಕಿನಲ್ಲಿ ಇಡಬೇಡಿ, ದಯವಿಟ್ಟು.

ಇನ್ನೊಂದು, ಫೆನ್ಸಿಂಗ್, ಅಂದರೆ ಹಳೇ ಪ್ರೈಮರಿ ಮತ್ತೆ ಬರೆಯದಂತೆ ತಡೆಯುವುದು. ಹಳೇ ಪ್ರೈಮರಿ ಸತ್ತಿರದೆ ಸುಮ್ನೆ ಸ್ವಲ್ಪ ಹೊತ್ತು ಫ್ರೀಜ್ ಆಗಿ, ಎದ್ದ ಮೇಲೆ ಇನ್ನೂ ತಾನೇ ಲೀಡರ್ (ಪ್ರೈಮರಿ) ಅಂದುಕೊಂಡು ಡಿಸ್ಕಿಗೆ ಬರೆಯಬಹುದು. ಹಾಗಾಗಿ ಹೊಸದನ್ನು ಮೇಲೇರಿಸುವ ಮೊದಲು ಹಳೆಯದರ ಪವರ್ರನ್ನೇ ಕಿತ್ತುಬಿಡುವುದು. ಇದನ್ನು ಸ್ಟೋನಿತ್ ಅಂತಾರೆ, ಅಂದರೆ ಮತ್ತೊಂದು ನೋಡಿನ ತಲೆಗೆ ಗುಂಡು ಹೊಡಿ ಅಂತ. ಹೆಸರು ಕ್ರೂರವಾಗಿದೆ, ಕೆಲಸ ಸರಿಯಾಗಿದೆ.

ಲೀಡರ್ ಆಯ್ಕೆಗೆ ಕೋರಂ ಇದ್ದುಬಿಟ್ಟರೆ ಮುಗಿಯಿತು ಅಂತ ನಾನೂ ನಂಬಿದ್ದೆ. 2018ರ ಅಕ್ಟೋಬರ್‌ನಲ್ಲಿ ಕೋಡ್ ಇಡುವ ತಾಣ ಗಿಟ್‌ಹಬ್‌ಗೆ ಆಗಿದ್ದು ಓದಿದ ಮೇಲೆ ಆ ನಂಬಿಕೆ ಹೋಯಿತು. ಅಲ್ಲಿ ಅಮೆರಿಕದ ಪೂರ್ವ ಕರಾವಳಿಯ ಡೇಟಾ ಸೆಂಟರಿನ ಸಂಪರ್ಕ ಕಡಿದಿದ್ದು 43 ಸೆಕೆಂಡ್. ರಾಫ್ಟ್ (ಬಹುಮತದಿಂದ ಒಮ್ಮತಕ್ಕೆ ಬರುವ ವಿಧಾನ) ಕೋರಂ ಇತ್ತು, ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಹೊಸ ಪ್ರೈಮರಿಯೂ ಬಂತು. ಆದರೆ ಪೂರ್ವದಲ್ಲಿ ಬರೆದಿದ್ದ ಕೆಲವು ಸೆಕೆಂಡುಗಳ ರೈಟ್‌ಗಳು ಪಶ್ಚಿಮಕ್ಕೆ ತಲುಪಿರಲಿಲ್ಲ. ಸೇವೆ ಪೂರ್ತಿ ಸರಿಯಾಗಲು 24 ಗಂಟೆ 11 ನಿಮಿಷ ಹಿಡಿಯಿತು. ಕಮಿಟ್ ಆಯಿತು, ಅಂದರೆ ರೈಟ್ ಖಾಯಂ ಆಯಿತು, ಅಂತ ಹೇಳುವ ಮೊದಲೇ ಅದು ಬಹುಮತದ ನೋಡ್‌ಗಳಿಗೆ ತಲುಪಿರಬೇಕು. ಅದರಿಂದ ರೈಟ್ ನಿಧಾನವಾಗುತ್ತೆ, ಆಗಲಿ.

ಈಗಾಗಲೇ ಡೇಟಾ ಎರಡು ಕವಲಾಗಿದ್ದರೆ ಅವಸರದಲ್ಲಿ ಪಿಜಿ_ರಿವೈಂಡ್ (ಹಳೇ ಪ್ರೈಮರಿಯನ್ನು ಹೊಸದಕ್ಕೆ ಹೊಂದಿಸುವ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಪ್ರೋಗ್ರಾಂ) ಓಡಿಸಬೇಡಿ. ಹಳೇ ಪ್ರೈಮರಿಯಲ್ಲಿ ಮಾತ್ರ ಇದ್ದ ಬದಲಾವಣೆಗಳನ್ನು ಅದು ಅಳಿಸಿಬಿಡುತ್ತೆ. ಮೊದಲು ಎರಡೂ ಕಡೆಯ ಡಂಪ್ (ಪೂರ್ತಿ ನಕಲು) ತೆಗೆದಿಡಿ. ನಾವು ಒಂದು ಕಡೆಯನ್ನು ಉಳಿಸಿಕೊಂಡು, ಇನ್ನೊಂದು ಕಡೆಯ ಸಾಲುಗಳಿಗೆ ಕೈಯಾರೆ ಹೊಸ ನಂಬರ್ ಕೊಟ್ಟೆವು. ಎರಡನೇ 1042ರ ಬಿಲ್ ಅಷ್ಟರಲ್ಲಿ ಮೇಲ್‌ನಲ್ಲಿ ಹೋಗಿಯಾಗಿತ್ತು. ಆ ಗ್ರಾಹಕರಿಗೆ ಫೋನ್ ಮಾಡಿ ಹೊಸ ನಂಬರ್ ಹೇಳಿದೆವು.