ಇಪ್ಪತ್ತೆರಡನ್ನು ಏಳರಿಂದ ಭಾಗಿಸಿದ ದಿನ

ಹಾಸನದಲ್ಲಿ ಬಿಎಸ್‌ಸಿಗೆ ಸೇರಿದಾಗ ನಾನು ತಗೊಂಡಿದ್ದು ಪಿಎಂಸಿ. ಫಿಸಿಕ್ಸ್, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್. ಯಾರು ಕೇಳಿದರೂ ಅಮ್ಮ "ಕಂಪ್ಯೂಟರ್ ಓದ್ತಿದಾಳೆ" ಅಂತಲೇ ಹೇಳುತ್ತಿದ್ದರು. ಉಳಿದೆರಡು ಲೆಕ್ಕಕ್ಕೇ ಇಲ್ಲ.

ಮೊದಲ ಸೆಮಿಸ್ಟರ್. ಅವತ್ತು ಬೆಳಿಗ್ಗೆ ಫಿಸಿಕ್ಸ್ ಲ್ಯಾಬಿನಲ್ಲಿ ಬಾರ್ ಪೆಂಡುಲಮ್. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿದ ನನಗೆ ಅದು ಲೋಲಕ. ಒಂದು ಮೀಟರ್ ಉದ್ದದ ಲೋಹದ ಪಟ್ಟಿ, ಉದ್ದಕ್ಕೂ ತೂತುಗಳು. ಒಂದೊಂದೇ ತೂತಿನಿಂದ ನೇತುಹಾಕಿ, ಇಪ್ಪತ್ತು ಸಲ ತೂಗಲು ಎಷ್ಟು ಸೆಕೆಂಡ್ ಬೇಕು ಅಂತ ಬರೆದುಕೊಳ್ಳಬೇಕು. ಹದಿನೈದು, ಹದಿನಾರು ಅಂತ ಎಣಿಸುವಾಗ ಯಾರಾದರೂ "ಸ್ಕೇಲ್ ಇದ್ಯಾ?" ಅಂದರೆ ಮುಗೀತು, ಮತ್ತೆ ಸೊನ್ನೆಯಿಂದ.

ಗ್ರಾಫಿನಲ್ಲಿ ಸೂತ್ರಕ್ಕೆ ಬೇಕಾದ ಉದ್ದ 62 ಸೆಂಟಿಮೀಟರ್ ಸಿಕ್ಕಿತು, ಒಂದು ಸಲ ತೂಗುವ ಕಾಲ 1.582 ಸೆಕೆಂಡ್. ನಾಲ್ಕು ಪೈ ವರ್ಗ, ಗುಣಿಸು ಉದ್ದ, ಭಾಗಿಸು ಕಾಲದ ವರ್ಗ. ಲಾಗ್ ಟೇಬಲ್ ಹಿಡಿದು ಲೆಕ್ಕ ಹಾಕಿದರೆ ಜಿ, ಅಂದರೆ ಭೂಮಿಯ ಗುರುತ್ವದ ವೇಗೋತ್ಕರ್ಷ, ಸೆಂಟಿಮೀಟರ್ ಲೆಕ್ಕದಲ್ಲಿ 978.2 ಬಂತು. ಪುಸ್ತಕದಲ್ಲಿದ್ದದ್ದು 980. ಪಕ್ಕದ ಟೇಬಲ್‌ನವರಿಗೆ ಸರಿಯಾಗಿ 980 ಬಂದಿತ್ತು. ಬಂದಿತ್ತೋ, ಬರಿಸಿದ್ದರೋ! ನಾನೂ ರಬ್ಬರ್ ತಗೊಂಡು ಉಜ್ಜಿ 980 ಅಂತ ಬರೆದೆ.

ಮಧ್ಯಾಹ್ನ ಸಿ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಲ್ಯಾಬ್. ನಿಮಗೆ ಗೊತ್ತಿರುವ ಯಾವುದಾದರೂ ಸೂತ್ರಕ್ಕೆ ಪ್ರೋಗ್ರಾಂ ಬರೆಯಿರಿ ಅಂದರು ಮೇಡಂ. ಬೆಳಗಿನ ಲೆಕ್ಕ ಇನ್ನೂ ತಲೆಯಲ್ಲಿತ್ತು, ಅದನ್ನೇ ಟೈಪ್ ಮಾಡಿದೆ. ಟರ್ಬೊ ಸಿಯ ನೀಲಿ ಪರದೆ ಕಪ್ಪಾಗಿ ಉತ್ತರ ಬಂತು: 891.83.

ಎದೆ ಧಸಕ್ಕೆಂದಿತು. ಅಂಕಿ ನೋಡಿದೆ, ಸೂತ್ರ ನೋಡಿದೆ, ಎಲ್ಲ ಸರಿ. ಮೂರು ಸಲ ರನ್ ಮಾಡಿದರೂ ಅದೇ. ಮೇಡಂ ಬಗ್ಗಿ ನೋಡಿ, "ಪೈ ಎಷ್ಟಿದೆ ಅಂತ ಪ್ರಿಂಟ್ ಮಾಡಮ್ಮ" ಅಂದರು. ಮಾಡಿದರೆ 3.000000!

ಪೈ ಅಂದರೆ 22/7 ಅಂತ ಮೇಷ್ಟ್ರು ಹೈಸ್ಕೂಲಿನಲ್ಲೇ ತಲೆಗೆ ತುಂಬಿದ್ದರು. ಸಿ ಭಾಷೆಗೆ ಅದು ಬರೀ ಎರಡು ಪೂರ್ಣಾಂಕ. ಭಾಗಿಸಿ, ಬಿಂದುವಿನ ಆಚೆಯದ್ದನ್ನು ಎಸೆದುಬಿಡುತ್ತದೆ. 22.0/7 ಅಂತ ತಿದ್ದಿದೆ. 978.79 ಬಂತು. 22/7 ಕೂಡ ಪೈಗಿಂತ ಚೂರು ಜಾಸ್ತಿಯೇ ಅಲ್ವಾ, ಅದಕ್ಕೇ ಕೊನೆಯಲ್ಲಿ ಆ ವ್ಯತ್ಯಾಸ.

ಆದರೆ 980 ಮಾತ್ರ ಬರಲಿಲ್ಲ. ಸಂಜೆ ಫಿಸಿಕ್ಸ್ ಸರ್ ಹತ್ತಿರ ಹೋಗಿ, "ಸಾರ್, ಕಂಪ್ಯೂಟರಲ್ಲೂ 978 ಚಿಲ್ಲರೆನೇ ಬರ್ತಿದೆ" ಅಂದೆ.

"ಇಲ್ಲಿ ಬರಬೇಕಾದ್ದೇ ಅದು. ನಾವಿರೋದು ಸಮಭಾಜಕದ ಕಡೆ. ಭೂಮಿ ಅಲ್ಲಿ ಸ್ವಲ್ಪ ಉಬ್ಬಿದೆ, ತಿರುಗೋ ವೇಗಾನೂ ಜಾಸ್ತಿ. ಅದರ ಮೇಲೆ ಹಾಸನ ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ. ಅದಕ್ಕೇ ಇಲ್ಲಿ ಜಿ ಸ್ವಲ್ಪ ಕಮ್ಮಿ."

ಖುಷಿಯಾಗಿ ಅಬ್ಸರ್ವೇಶನ್ ಬುಕ್ ಮುಂದೆ ಹಿಡಿದೆ. ಸಹಿ ಹಾಕಲು ಪೆನ್ ಎತ್ತಿದವರು ಅಲ್ಲೇ ನಿಂತರು.

"ಮತ್ತೆ ಈ 980 ಯಾವೂರಿಂದಮ್ಮಾ?"

ಅಲ್ಲೇ ಕೂತು ಮತ್ತೆ ರಬ್ಬರ್ ಉಜ್ಜಿದೆ. ಬೆಳಿಗ್ಗೆ ಉಜ್ಜಿ ತೆಳ್ಳಗಾಗಿದ್ದ ಕಾಗದ ತೂತಾಯಿತು. 978.2 ಅನ್ನು ಮಾರ್ಜಿನ್‌ನಲ್ಲಿ ಬರೆದೆ.