ದಂಡೆ ಚಂಡೆಯಾದ ಫೈಲು

ಮೇಷ್ಟ್ರ ಪೆನ್‌ಡ್ರೈವ್ ತೆರೆದರೆ ಒಳಗೆ ಪುಸ್ತಕವೇ ಇರಲಿಲ್ಲ. ಇದ್ದದ್ದು ಫೋಲ್ಡರ್ ಹೆಸರಿನ ಒಂದು ಶಾರ್ಟ್‌ಕಟ್ ಮಾತ್ರ. ಊರಿನ ಝೆರಾಕ್ಸ್ ಅಂಗಡಿಗಳನ್ನೆಲ್ಲ ಸುತ್ತಿ ಬಂದ ಪೆನ್‌ಡ್ರೈವ್‌ಗಳಿಗೆ ತಗಲುವ ಹಳೆಯ ರೋಗ ಅದು. ವೈರಸ್ ಅಸಲಿ ಫೋಲ್ಡರುಗಳನ್ನು ಬಚ್ಚಿಟ್ಟು, ಅದೇ ಹೆಸರಿನ ಶಾರ್ಟ್‌ಕಟ್ ಮುಂದೆ ನಿಲ್ಲಿಸುತ್ತದೆ. ಒತ್ತಿದವನ ಕಂಪ್ಯೂಟರಿಗೂ ತಾನು ಹತ್ತಿಕೊಳ್ಳುತ್ತದೆ. ಹಾಗಾಗಿ ಒತ್ತಲಿಲ್ಲ. ಕಮಾಂಡ್ ಪ್ರಾಂಪ್ಟ್ ತೆರೆದು, ಆಟ್ರಿಬ್ ಆದೇಶದಿಂದ 'ಹಿಡನ್', 'ಸಿಸ್ಟಮ್' ಎಂಬ ಎರಡು ಗುರುತುಗಳನ್ನು ತೆಗೆದದ್ದೇ ಫೋಲ್ಡರು ಹೊರಬಂತು. ಮೊದಲು ಎಲ್ಲವನ್ನೂ ನನ್ನ ಯಂತ್ರಕ್ಕೆ ನಕಲು ಮಾಡಿಕೊಂಡು ಪೆನ್‌ಡ್ರೈವ್ ಕಿತ್ತು ಮೇಷ್ಟ್ರ ಕೈಗೇ ಕೊಟ್ಟೆ. ಮೂಲ ಪ್ರತಿ ಯಜಮಾನರ ಜೇಬಿನಲ್ಲಿದ್ದರೆ ನನ್ನ ಕೈ ಧೈರ್ಯವಾಗಿ ಓಡುತ್ತದೆ.

"ಪುಸ್ತಕ ಸಿಕ್ತಾ?" ಅಂದರು ಮೇಷ್ಟ್ರು.

ಸಿಕ್ಕಿತ್ತು. ಆದರೆ ತೆರೆದರೆ ಪೌಂಡ್, ಯೆನ್ ಗುರುತುಗಳ ನಡುವೆ ತಲೆಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ.

ಮೇಷ್ಟ್ರು ನನಗೆ ಸಾಗರದ ಹೈಸ್ಕೂಲಿನಲ್ಲಿ ಸಮಾಜ ಹೇಳಿಕೊಟ್ಟವರು. ಅವರು ಹುಟ್ಟಿದ ಊರು ಈಗ ಭೂಪಟದಲ್ಲಿಲ್ಲ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟೆ ಎದ್ದು 1964ರಲ್ಲಿ ಕೆಲಸ ಮುಗಿದಾಗ ಸಾಗರ, ಹೊಸನಗರ ತಾಲೂಕುಗಳ ಎಷ್ಟೋ ಹಳ್ಳಿಗಳು ನೀರಿನಡಿಗೆ ಹೋದವು. ಅದಕ್ಕೂ ಮೊದಲೇ ಅದೇ ನದಿಗೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಆ ನೀರಿನಲ್ಲೇ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಈಗಲೂ ತಲೆ ತೋರಿಸುತ್ತದೆ. ನಿವೃತ್ತರಾದ ಮೇಲೆ ಮೇಷ್ಟ್ರು ಆ ಊರಿನ ಮನೆಗಳು, ಗದ್ದೆಗಳು, ಜನ, ಜಗಳ ಎಲ್ಲವನ್ನೂ ತಾವೇ ಕೂತು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರು. ಹಳೇ ಕಂಪ್ಯೂಟರು ಸತ್ತಿತು, ಮಗ ಹೊಸ ಲ್ಯಾಪ್‌ಟಾಪ್ ಕೊಡಿಸಿದ, ಅದರಲ್ಲಿ ನುಡಿ ಇಲ್ಲ. ಜೊತೆಗೆ ಹೊರದೇಶದಲ್ಲಿರುವ ಮಗಳು ಮೊಬೈಲಿನಲ್ಲೇ ಓದಬೇಕು ಅಂತ ಹಟ ಹಿಡಿದಿದ್ದಾಳೆ.

ಲ್ಯಾಪ್‌ಟಾಪಿಗೆ ಹಳೆಯ ನುಡಿ ಫಾಂಟ್ ಹಾಕಿದರೆ ಕಣ್ಣಿಗೆ ಕನ್ನಡ ಕಾಣುತ್ತದೆ, ನಿಜ. ಬಹಳ ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಆ ಫೈಲಿನೊಳಗೆ ಕನ್ನಡ ಇಲ್ಲವೇ ಇಲ್ಲ. ಫಾಂಟ್ ಎಂಬ ವೇಷ ಕಳಚಿದರೆ ಚೌಕಿಯಲ್ಲಿ ಕೂತಿರುವುದು ಇಂಗ್ಲಿಷ್ ಅಕ್ಷರಗಳು. ಇಂಗ್ಲಿಷಿನ ದೊಡ್ಡ 'ಪಿ' ಇರುವ ಜಾಗದಲ್ಲಿ ತಲೆಕಟ್ಟಿಲ್ಲದ ಕ-ದ ಚಿತ್ರ ಕೂರಿಸಿದ್ದಾರೆ. ತಲೆಕಟ್ಟಿಗೆ ಬೇರೆಯದೇ ಸಂಕೇತ. ದೊಡ್ಡ 'ಎ' ಅಂದರೆ ಸೊನ್ನೆ, 'ಸಿ' ಅಂದರೆ ಅ, 'ಡಿ' ಅಂದರೆ ಆ. ಮ ಎಂಬ ಅಕ್ಷರಕ್ಕೆ ಸ್ವಂತ ಮನೆಯೇ ಇಲ್ಲ: ವ ಬರೆದು ಪಕ್ಕಕ್ಕೊಂದು ಕೊಂಬು ಅಂಟಿಸಿದರೆ ಕಣ್ಣಿಗೆ ಮ. ಯ ಶುರುವಾಗುವುದೇ ಸೊನ್ನೆಯಿಂದ. ಕಾಗದದ ಮೇಲೆ ಅಚ್ಚಾಗುವುದಕ್ಕೆ ಇದು ಸಾಕಿತ್ತು, ಆ ಕಾಲಕ್ಕೆ ಬೇಕಿದ್ದದ್ದೂ ಅಷ್ಟೇ. ಪ್ರತಿ ಭಾಷೆಯ ಅಕ್ಷರಗಳಿಗೂ ಅದರದ್ದೇ ಸಂಕೇತ ಕೊಡುವ ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಅಂತ 128 ಕೋಣೆಗಳನ್ನು ಎತ್ತಿಟ್ಟಿತ್ತು, 2001ರ ವಿಂಡೋಸ್ ಎಕ್ಸ್‌ಪಿ ಹೊತ್ತಿಗೆ ತುಂಗಾ ಫಾಂಟೂ ಬಂದಿತ್ತು. ಆದರೆ ಪ್ರೆಸ್ಸುಗಳಲ್ಲಿ ನಡೆಯುತ್ತಿದ್ದದ್ದು ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್ ರಾಜ್ಯ, ಅದಕ್ಕೆ ಯೂನಿಕೋಡ್ ಕನ್ನಡ ಗೊತ್ತಿರಲಿಲ್ಲ. ಅಚ್ಚಿಗೆ ಹೋಗಬೇಕಾದವರೆಲ್ಲ ಹಳೇ ದಾರಿಯಲ್ಲೇ ನಡೆದರು. ಮೇಷ್ಟ್ರೂ.

ಹಾಗಾಗಿ ಫೈಲನ್ನು ಯೂನಿಕೋಡಿಗೆ ತರದೆ ಬೇರೆ ದಾರಿಯಿರಲಿಲ್ಲ. ಪರಿವರ್ತಕಗಳಿಗೆ ಬರವಿಲ್ಲ, ಒಂದಕ್ಕೆ ಹಾಕಿ ನೋಡಿದೆ. ಕಣ್ಣು ಹಾಯಿಸಿದರೆ ಚೆನ್ನಾಗಿಯೇ ಬಂದಿತ್ತು. ಅರ್ಕಾವೊತ್ತನ್ನೂ ಸರಿಯಾಗಿ ಹಿಂದಕ್ಕೆ ಎಳೆದಿತ್ತು. ಹಳೆಯ ಫೈಲಿನಲ್ಲಿ 'ಕರ್ನಾಟಕ'ದ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ ನಾ-ದ ಆಚೆ ಇರುತ್ತದೆ, ಯೂನಿಕೋಡಿನಲ್ಲಿ ನಾಲಿಗೆ ನುಡಿಯುವಂತೆ ನಾ-ದ ಈಚೆ ಬರಬೇಕು. ಇಷ್ಟು ಬಲ್ಲ ಪರಿವರ್ತಕ ಕೆಲವು ಕಡೆ ಮಾತ್ರ ಎಡವಿತ್ತು. 'ಹೈಸ್ಕೂಲ್‌ಗೆ' ಎಂಬುದು 'ಹೈಸ್ಕೂಲ್ಗೆ' ಆಗಿತ್ತು. ವ್ಯಂಜನವನ್ನು ಅರ್ಧಕ್ಕೆ ನಿಲ್ಲಿಸಬೇಕಾದ ಕಡೆ ಯೂನಿಕೋಡಿನಲ್ಲಿ ಕಣ್ಣಿಗೆ ಕಾಣದ ಒಂದು ತಡೆಯನ್ನು ಹಾಕಬೇಕು, ಇಲ್ಲದಿದ್ದರೆ ಮುಂದಿನ ಅಕ್ಷರ ಜಾರಿ ಒತ್ತಾಗಿ ಕೂರುತ್ತದೆ. ಇನ್ನೊಂದು ಕಡೆ ಮೇಷ್ಟ್ರ ಊರಿನ ಮೊದಲ ಪದವೀಧರನ ಹೆಸರಿನ ಮುಂದೆ ಒಂದು ವಿಸರ್ಗ, ಒಂದು ಸೊನ್ನೆ: 'ಃಂ'. ಅದು ಅವನ ಬಿ.ಎ. ಪದವಿ! ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ 'ಡಿಸಿ' 'ಆಅ' ಆಗಿದ್ದರು. ಮುಳುಗಡೆ ಪರಿಹಾರದ ಅಧ್ಯಾಯದಲ್ಲಂತೂ ಪುಟಪುಟಕ್ಕೂ ಆಅ ಅವರ ಆದೇಶ.

ಕಾರಣ ಸರಳ. ಬರೀ ಪಠ್ಯವನ್ನು ನಕಲು ಮಾಡಿ ಪರಿವರ್ತಕಕ್ಕೆ ಸುರಿದರೆ ಯಾವುದು ನುಡಿ ಫಾಂಟಿನಲ್ಲಿತ್ತು, ಯಾವುದು ನಿಜವಾದ ಇಂಗ್ಲಿಷ್ ಎಂಬ ಮಾಹಿತಿ ದಾರಿಯಲ್ಲೇ ಉದುರಿಹೋಗುತ್ತದೆ. ಆದ್ದರಿಂದ ಮತ್ತೆ ಮೂಲದ ನಕಲಿಗೆ ಹೋದೆ. ವರ್ಡ್ ತಂತ್ರಾಂಶದ ಫೈಂಡ್ ಪೆಟ್ಟಿಗೆಯಲ್ಲಿ ಪದ ಏನೂ ಹಾಕದೆ, ಫಾಂಟ್ ಮಾತ್ರ ಟೈಮ್ಸ್ ನ್ಯೂ ರೋಮನ್ ಎಂದು ಕೊಟ್ಟು ಹುಡುಕಬಹುದು. ಸಿಕ್ಕಿದ್ದನ್ನು ಇದ್ದ ಹಾಗೇ ಉಳಿಸಿ ಎರಡು ಬದಿಗೂ ಗುರುತು ಸೇರಿಸಲು ರಿಪ್ಲೇಸ್‌ನಲ್ಲಿ ಕ್ಯಾರೆಟ್, ಆಂಪರ್ಸಂಡ್ ಒಟ್ಟಿಗೆ ಬರೆದರಾಯಿತು. ಪುಸ್ತಕದಲ್ಲಿ ಎಲ್ಲೂ ಬಾರದ ಒಂದು ಗುರುತು ಆರಿಸಿ, ಇಂಗ್ಲಿಷ್ ಪದಗಳಿಗೆಲ್ಲ ಬೇಲಿ ಹಾಕಿದೆ. ಬೇಲಿಯೊಳಗಿನದನ್ನು ಮುಟ್ಟದೆ ಹೊರಗಿನದನ್ನು ಮಾತ್ರ ಬದಲಿಸುವ, ಅರ್ಧಾಕ್ಷರದ ಕಡೆ ಆ ತಡೆಯನ್ನೂ ಸೇರಿಸುವ ಪೈಥಾನ್ ಭಾಷೆಯ ಪುಟ್ಟ ಪ್ರೋಗ್ರಾಂ, ಅಂದರೆ ಸ್ಕ್ರಿಪ್ಟ್ ಬರೆದು ಓಡಿಸಿದೆ. ಡಿಸಿ ಸಾಹೇಬರು ತಮ್ಮ ಹುದ್ದೆಗೆ ಮರಳಿದರು.

ಮುನ್ನುಡಿ ಮಾತ್ರ ಯಾವ ಮಂತ್ರಕ್ಕೂ ಬಗ್ಗಲಿಲ್ಲ. ಬೇರೆ ಯಾರೋ ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದಲ್ಲಿ ಟೈಪ್ ಮಾಡಿ ಕೊಟ್ಟದ್ದಂತೆ, ಅದರ ಸಂಕೇತಗಳ ಲೆಕ್ಕವೇ ಬೇರೆ. ಇಂಥಲ್ಲಿ ಕಂಪ್ಯೂಟರ್ ಬಲ್ಲವರಿಗೆ ಒಂದು ಚಪಲ ಬರುತ್ತದೆ, ಅರ್ಧ ಗಂಟೆಯ ಕೆಲಸ ತಪ್ಪಿಸಿಕೊಳ್ಳಲು ಅರ್ಧ ದಿನ ಕೂತು ಸ್ಕ್ರಿಪ್ಟ್ ಬರೆಯುವುದು. ಮುನ್ನುಡಿಯ ಅಚ್ಚಿನ ಪ್ರತಿ ಮೇಷ್ಟ್ರ ಚೀಲದಲ್ಲೇ ಇತ್ತು. ಅವರು ಓದಿದರು, ನಾನು ಟೈಪ್ ಮಾಡಿದೆ. ಹಾಗೇ ಚಹಾ ಬಂತು.

ಕೆಲಸ ಮುಗಿಯಿತು ಅಂದುಕೊಂಡು ಮೇಷ್ಟ್ರ ಮುಂದೆ ಪರದೆ ತಿರುಗಿಸಿದ್ದೇ ತಡ, ಮೊದಲ ಅಧ್ಯಾಯದಲ್ಲೇ ಅವರ ಬೆರಳು ನಿಂತಿತು.

"ತಮಾ, ಇದೆಂತಾ ಆಯ್ದು ನೋಡು. ಆನು ಬರದ್ದು 'ಜಗಲಿಯ ಮೇಲೆ ಅಡಿಕೆ ಸುಲೀತಿದ್ರು' ಹೇಳಿ. ಇಲ್ಲಿ 'ಆಗಲಿಯ ಮೇಲೆ' ಹೇಳಿ ಇದ್ದು!"

ಕೆಳಗೆ ಇನ್ನೂ ಇತ್ತು. 'ಚೇವರು ದೊಡ್ಡವನು.' 'ಚಂಡೆಯ ಮೇಲೆ ದೋಣಿ ಕಾಯುತ್ತಿತ್ತು.' ದೋಣಿ ಕಾಯಬೇಕಾದದ್ದು ಹೊಳೆಯ ದಂಡೆಯ ಮೇಲೆ. 'ಈಲ್ಲಾ ಬೋರ್ಡು', 'ಇಾತ್ರೆ', 'ಉಾಜ್ಯ'. ಹಳೆಯ ಪ್ರಿಂಟಿನಲ್ಲೂ ಹೀಗೇ ಕೆಲವು ಇದ್ದವಂತೆ. ವೈರಸ್ ಇರಬೇಕು ಅಂತ ಯಾರೋ ಹೇಳಿದ್ದರು, ಕಣ್ಣಿಗೆ ಬಿದ್ದಷ್ಟನ್ನು ಇವರು ತಿದ್ದಿದ್ದರು. ಕೀಲಿಮಣೆ ನೋಡಿಕೊಂಡು ಟೈಪ್ ಮಾಡುವವರು ಪರದೆ ನೋಡುವುದು ಪ್ಯಾರಾ ಮುಗಿದ ಮೇಲೆ.

ಅಂದರೆ ನನ್ನ ಸ್ಕ್ರಿಪ್ಟಿಗಿಂತ ಬಹಳ ಮೊದಲು, ಟೈಪ್ ಮಾಡುವಾಗಲೇ ಏನೋ ನಡೆದಿದೆ. ತಪ್ಪುಗಳನ್ನೆಲ್ಲ ಒಂದು ಹಾಳೆಯ ಮೇಲೆ ಸಾಲಾಗಿ ಬರೆದೆ. ಎಲ್ಲವೂ ವಾಕ್ಯದ ಮೊದಲ ಅಕ್ಷರ! ಒಂದೂ ನಡುವಿನದಲ್ಲ. ಕ, ಗ, ಚ-ದಿಂದ ಶುರುವಾದ ವಾಕ್ಯಗಳು ಗಟ್ಟಿಯಾಗಿವೆ. ನ, ಪ, ಮ, ಹ, ಸ ಕೂಡ. ಕೆಟ್ಟಿರುವುದು ಜ, ದ, ರ, ತ-ದಂಥವು ಮಾತ್ರ. ಮೂಲ ಫೈಲಿನಲ್ಲಿ ಜ-ದ ಸಂಕೇತ ನೋಡಿದೆ: ಇಂಗ್ಲಿಷಿನ ಸಣ್ಣ 'ಡಿ'. ಆ-ದ ಸಂಕೇತ ದೊಡ್ಡ 'ಡಿ'. ದ-ಕ್ಕೆ ಸಣ್ಣ 'ಜೆಡ್', ಚ-ಕ್ಕೆ ದೊಡ್ಡ 'ಜೆಡ್'. ರ ಸಣ್ಣ 'ಜಿ', ಉ ದೊಡ್ಡ 'ಜಿ'. ಜಿ ಎಂಬ ಗುಣಿತಾಕ್ಷರ ಸಣ್ಣ 'ಎಫ್', ಈ ದೊಡ್ಡ 'ಎಫ್'.

ನಗು ತಡೆಯಲಾಗಲಿಲ್ಲ. ಇಂಗ್ಲಿಷ್ ವ್ಯಾಕರಣದಲ್ಲಿ ವಾಕ್ಯದ ಮೊದಲಕ್ಷರ ದೊಡ್ಡದಿರಬೇಕಲ್ಲ, ವರ್ಡ್ ಪ್ರೊಸೆಸರಿನ ಆಟೋಕರೆಕ್ಟ್ ಅದನ್ನು ಸದ್ದಿಲ್ಲದೆ ಮಾಡಿಕೊಡುತ್ತದೆ. ಅದರ ಪಾಲಿಗೆ ಮೇಷ್ಟ್ರು ಬರೆಯುತ್ತಿದ್ದದ್ದು ಇಂಗ್ಲಿಷೇ. ಪ್ರತಿ ಪೂರ್ಣವಿರಾಮದ ನಂತರವೂ ಸಣ್ಣ 'ಡಿ'ಯನ್ನು ದೊಡ್ಡದು ಮಾಡಿ, ತಾನು ಉಪಕಾರ ಮಾಡಿದೆ ಎಂದುಕೊಂಡಿದೆ. ಕ, ಗ, ಚ-ಗಳ ಸಂಕೇತ ಮೊದಲೇ ದೊಡ್ಡಕ್ಷರವಾದ್ದರಿಂದ ಬಚಾವು. ನ-ಕ್ಕೆ ಪೌಂಡ್ ಗುರುತು, ಪ-ಕ್ಕೆ ಯೆನ್ ಗುರುತು. ದುಡ್ಡಿಗೆ ದೊಡ್ಡದು ಸಣ್ಣದು ಅಂತಿಲ್ಲ. ನುಡಿ, ಬರಹದಂಥ ಹಳೇ ಫಾಂಟುಗಳಲ್ಲಿ ಈಗಲೂ ಟೈಪ್ ಮಾಡುವ ಕಚೇರಿಗಳಿವೆ. ಅಲ್ಲಿ ಕೂರುವವರು ಮಾಡಬೇಕಾದ ಮೊದಲ ಕೆಲಸ ಆಟೋಕರೆಕ್ಟ್ ಆಯ್ಕೆಗಳಿಗೆ ಹೋಗಿ ವಾಕ್ಯದ ಮೊದಲಕ್ಷರ, ಕೋಷ್ಟಕದ ಮನೆಯ ಮೊದಲಕ್ಷರ ಎರಡರ ಮುಂದಿನ ಸರಿ ಗುರುತನ್ನೂ ತೆಗೆಯುವುದು.

ರೋಗ ತಿಳಿದ ಮೇಲೆ ಅರ್ಧಕ್ಕರ್ಧ ತಪ್ಪುಗಳು ತಾವಾಗಿಯೇ ಸಿಕ್ಕಿಬಿದ್ದವು. ಕನ್ನಡದಲ್ಲಿ ಸ್ವರದ ಮೇಲೆ ಮತ್ತೆ ದೀರ್ಘವೋ ಕೊಂಬೋ ಬರುವಂತಿಲ್ಲ. ಉ-ಗೆ ದೀರ್ಘ ಹತ್ತಿದ್ದರೆ ಅದು ರಾ, ಇ-ಗೆ ಹತ್ತಿದ್ದರೆ ಜಾ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಹುಡುಕು ಸೂತ್ರ ಹಾಕಿ ಇಂಥವನ್ನೆಲ್ಲ ಒಂದೇ ಏಟಿಗೆ ತಿದ್ದಿದೆ. ಇನ್ನರ್ಧ ಹಾಗಲ್ಲ. ಆಗಲಿ, ಚಂಡೆ ಎಲ್ಲ ಒಳ್ಳೆಯ ಮನೆತನದ ಪದಗಳು, ಯಾವ ಕಾಗುಣಿತ ಪರೀಕ್ಷಕನೂ ಅವನ್ನು ಹಿಡಿದು ನಿಲ್ಲಿಸುವುದಿಲ್ಲ. ನಮ್ಮ ಕಡೆ ಚಂಡೆ ಇಲ್ಲದ ಊರುಂಟೇ? ಪುಸ್ತಕದಲ್ಲಿ ಯಕ್ಷಗಾನದ್ದೇ ಒಂದು ಅಧ್ಯಾಯವಿದೆ, ಅಲ್ಲಿನ ಚಂಡೆಗಳು ಅಸಲಿ. 'ಆನ' ಎಂದು ಶುರುವಾದದ್ದನ್ನೆಲ್ಲ 'ಜನ' ಮಾಡಿಬಿಡೋಣ ಅಂದರೆ, ಮಾತುಕತೆಗಳಲ್ಲಿ ಮೇಷ್ಟ್ರು ಹವ್ಯಕ ಮಾತನ್ನೇ ಇಟ್ಟಿದ್ದಾರೆ: 'ಆನು ಬತ್ತಿಲ್ಲೆ' (ನಾನು ಬರುವುದಿಲ್ಲ) ಎಂದ ಅಜ್ಜ 'ಜನು ಬತ್ತಿಲ್ಲೆ' ಎಂದಾನು. ಸೊರಬದ ಜಡೆಗೆ ಹೋಗಿ ನೆಲೆಸಿದವರು 'ಆಡೆ'ಯಲ್ಲಿ ಕಾಲ ಕಳೆಯುತ್ತಿದ್ದಾರೆ.

ಹಾಗಾಗಿ ಸ್ಕ್ರಿಪ್ಟನ್ನು ತಿರುಗಿಸಿದೆ. ಅದು ಏನನ್ನೂ ತಿದ್ದುವುದಿಲ್ಲ. ಅನುಮಾನಕ್ಕೆಡೆಯಾದ ಅಕ್ಷರಗಳಿಂದ ಶುರುವಾಗುವ ವಾಕ್ಯಗಳನ್ನೆಲ್ಲ ಆರಿಸಿ, ಎರಡು ರೂಪವನ್ನೂ ಪಕ್ಕಪಕ್ಕ ತೋರಿಸುತ್ತದೆ. ನಾನು ಓದುತ್ತೇನೆ, ಮೇಷ್ಟ್ರು ತೀರ್ಪು ಕೊಡುತ್ತಾರೆ. "ಆಗ ಗೌಡರು ಬಂದರು. ಜಗ ಗೌಡರು ಬಂದರು." "ಆಗ." "ಚಾರಿಯಲ್ಲಿ ಹುಲಿ. ದಾರಿಯಲ್ಲಿ ಹುಲಿ." "ದಾರಿ. ಮುಂದೆ." ಹೀಗೇ ಮಧ್ಯಾಹ್ನ ಕಳೆಯಿತು. ನಡುನಡುವೆ ತೀರ್ಪು ನಿಲ್ಲಿಸಿ ಆ ಹುಲಿಯ ಕತೆಯನ್ನೇ ಹೇಳುತ್ತಿದ್ದರು, ಪುಸ್ತಕದಲ್ಲಿಲ್ಲದ ಭಾಗಗಳ ಸಮೇತ. ಕರೆಂಟು ಹೋಗಿ ಬಂತು. ಇಂಥ ಹಳೇ ಫೈಲುಗಳು ಎಷ್ಟೋ ಮನೆಗಳ ಕಪಾಟಿನಲ್ಲಿ ಸಿಡಿಯಾಗಿ ಕೂತಿವೆ. ಅವನ್ನು ಪರಿವರ್ತಿಸುವ ತಂತ್ರಾಂಶ ಮುಂದೆಯೂ ಸಿಗುತ್ತದೆ, ಆದರೆ ದಾರಿಯೋ ಚಾರಿಯೋ ಎಂದು ಕೇಳಿದರೆ ಹೇಳಬಲ್ಲವರು ಸಿಗುವುದು ಅವರಿರುವ ತನಕ. ಈ ಕೆಲಸವನ್ನು ಮುಂದೂಡುವವರ ಮೇಲೆ ನನಗೆ ಸಿಟ್ಟಿದೆ.

ಕೊನೆಗೆ ಉಳಿದದ್ದು ಒಂದೇ ವಾಕ್ಯ. ಊರು ಬಿಡುವ ದಿನದ ಅಧ್ಯಾಯ. ಸಾಮಾನು ಗಾಡಿಗೇರಿದೆ, ಅಮ್ಮನ ಕಂಕುಳಲ್ಲಿ ತಂಗಿ ಇದ್ದಾಳೆ. ಆಮೇಲೆ ಪರದೆಯ ಮೇಲೆ ಹೀಗಿದೆ: 'ಆಗ ನಗುತ್ತಲೇ ಇತ್ತು. ಅಳುತ್ತಿದ್ದವರು ನಾವು.'

"ಆಗ ನಗುತ್ತಲೇ ಇತ್ತು. ಜಗ ನಗುತ್ತಲೇ ಇತ್ತು. ಯಾವುದು ಮೇಷ್ಟ್ರೇ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಆಗ ನಗುತ್ತಿದ್ದದ್ದು ಕೂಸು ಇರಬಹುದು. ಇಲ್ಲಾ, ನಮ್ಮನ್ನು ಮುಳುಗಿಸಿ ದೀಪ ಹಚ್ಚಿಕೊಂಡ ಜಗವೇ ಇರಬಹುದು. ಟೈಪ್ ಮಾಡುವ ದಿನಗಳಲ್ಲಿ ಆ ಸಿಟ್ಟೂ ಇತ್ತಂತೆ. ಕೈಬರಹದ ನೋಟ್‌ಬುಕ್ ಗೆದ್ದಲಿನ ಪಾಲಾಗಿದೆ. ತಡಿ ಅಂದವರು ಶಿವಮೊಗ್ಗದಲ್ಲಿರುವ ತಂಗಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ಊರು ಬಿಟ್ಟ ದಿನ ನೀನು ನಗುತ್ತಿದ್ದೆಯಾ ಅಂತ ವಿಚಾರಿಸಿದರು.

"ಎಂಟು ತಿಂಗಳ ಕೂಸಿಂಗೆ ಎಂತ ನೆನಪಿರ್ತು ಅಣ್ಣಾ?" ಅಂತ ಆ ಕಡೆಯಿಂದ ಬೈಗುಳದ ಜೊತೆ ನಗು.

ಮೇಷ್ಟ್ರು ಫೋನಿಟ್ಟು ಕೀಲಿಮಣೆಯನ್ನು ತಮ್ಮ ಕಡೆ ಎಳೆದುಕೊಂಡರು. ಇದ್ದ ವಾಕ್ಯ ಅಳಿಸಿ, ಒಂದೊಂದೇ ಕೀಲಿ ಹುಡುಕುತ್ತಾ 'ಕೂಸು ನಗುತ್ತಲೇ ಇತ್ತು' ಎಂದು ಹೊಸದಾಗಿ ಬರೆದರು. ಯೂನಿಕೋಡಿಗೆ ಬಂದ ಮೇಲೆ ಆ ಭಯವಿಲ್ಲ, ಆದರೂ ಹೇಳಿದೆ: ಕ-ದಿಂದ ಶುರುಮಾಡಿದ್ದು ಒಳ್ಳೆಯದೇ ಆಯಿತು ಮೇಷ್ಟ್ರೇ, ಹಳೇ ಫಾಂಟಿನಲ್ಲೂ ಅದನ್ನು ಯಾವ ಆಟೋಕರೆಕ್ಟೂ ಮುಟ್ಟುತ್ತಿರಲಿಲ್ಲ.