ಅಕ್ಕನ ಮಗನಿಗೆ ಯಾವ ಸ್ಕೀ?

ಬಾಸ್ಟನ್‌ನಲ್ಲಿರುವ ನನ್ನ ಅಕ್ಕನ ಮಗ ಈ ಸಲ ಸ್ವಂತ ಸ್ಕೀ, ಅಂದರೆ ಹಿಮದ ಇಳಿಜಾರಿನಲ್ಲಿ ಜಾರಲು ಕಾಲಿಗೆ ಹಾಕುವ ಉದ್ದನೆಯ ಹಲಗೆ ಜೋಡಿ, ತಗೊಳ್ಳಬೇಕು ಅಂತ ಹೊರಟಿದ್ದಾನೆ. ಇಷ್ಟು ದಿನ ಬಾಡಿಗೆ ಸ್ಕೀಯಲ್ಲೇ ಕಲಿತವನು. "ಚಿಕ್ಕಮ್ಮಾ, ನಿಮ್ಮ ಹತ್ರ ಇರೋ ಥರದ್ದನ್ನೇ ತಗೊಂಡ್ರೆ ಆಯ್ತಲ್ವಾ?" ಅಂತ ಕೇಳಿದ. ಆಗಲ್ಲಪ್ಪ ಅಂದೆ. ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಈ ಚಳಿಗಾಲ ಸ್ಕೀ ಹುಡುಕುತ್ತಿರುವ ಬೇರೆಯವರಿಗೂ ಉಪಯೋಗಕ್ಕೆ ಬಂದೀತು.

ನಾನಿರುವುದು ಯೂಟಾದ ಸಾಲ್ಟ್ ಲೇಕ್ ಸಿಟಿ ಪಕ್ಕದಲ್ಲಿ. ಲಿಟಲ್ ಕಾಟನ್‌ವುಡ್ ಕಣಿವೆ ಹತ್ತಿದರೆ ಆಲ್ಟಾ ಅನ್ನುವ ಸ್ಕೀ ತಾಣ ಸಿಗುತ್ತದೆ. ಅಲ್ಲಿ ಒಂದು ಚಳಿಗಾಲಕ್ಕೆ ಸರಾಸರಿ 500 ಇಂಚಿಗೂ ಜಾಸ್ತಿ ಹಿಮ ಬೀಳುತ್ತದೆ. ಅದೂ ನೀರಿನ ಅಂಶ ಕಡಿಮೆ ಇರುವ ಪುಡಿ ಹಿಮ. ಕೈಯಲ್ಲಿ ಹಿಂಡಿದರೂ ಸರಿಯಾಗಿ ಉಂಡೆ ಕಟ್ಟುವುದಿಲ್ಲ. ಮೊಣಕಾಲುದ್ದ ಹಿಮದಲ್ಲಿ ಹೂತುಹೋಗದೆ ತೇಲಬೇಕು ಅಂದರೆ ಸ್ಕೀ ಅಗಲ ಇರಬೇಕು. ನನ್ನದು ಬೂಟಿನ ಕೆಳಗೆ 98 ಮಿಲಿಮೀಟರ್.

ಅವನು ಹೋಗುವುದು ಅಮೆರಿಕದ ಪೂರ್ವದ ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್ ಕಡೆ. ಅಲ್ಲಿನ ಹವಾಮಾನವೇ ಬೇರೆ. ಇವತ್ತು ಮಳೆ ಬಂದರೆ ನಾಳೆ ಕೊರೆಯುವ ಚಳಿ. ಬಿದ್ದ ಹಿಮ ಕರಗಿ ಮತ್ತೆ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಮೆಷಿನ್‌ನಿಂದ ಊದಿದ ಹಿಮ. ರಾತ್ರಿ ಯಂತ್ರ ಓಡಿಸಿ ಇಳಿಜಾರಿನ ಹಿಮವನ್ನು ಸಮಮಾಡಿ ಹದ ಮಾಡಿ ಬಿಟ್ಟರೂ, ಜನ ಓಡಾಡಿದ ಮೇಲೆ ಮೇಲಿನ ಪದರ ಸವೆದು ಕೆಳಗಿನ ಗಟ್ಟಿ ಹಿಮ ಹೊಳೆಯುತ್ತಿರುತ್ತದೆ. ಅಲ್ಲಿ ತೇಲುವುದಕ್ಕಿಂತ ಕಚ್ಚಿ ಹಿಡಿಯುವುದು ಮುಖ್ಯ.

ಕಚ್ಚುವುದು ಸ್ಕೀಯ ಎರಡು ಬದಿಯ ಉಕ್ಕಿನ ಅಂಚು. ತಿರುಗುವಾಗ ಸ್ಕೀಯನ್ನು ಓರೆ ಮಾಡಿ ಆ ಅಂಚಿನ ಮೇಲೆ ನಿಲ್ಲುತ್ತೇವೆ. ಸ್ಕೀ ಅಗಲವಾದಷ್ಟೂ ಅಂಚು ಪಾದದ ನಡುಭಾಗದಿಂದ ದೂರ ಹೋಗುತ್ತದೆ. ಗಟ್ಟಿ ಹಿಮದಲ್ಲಿ ಅದನ್ನು ಓರೆಯಾಗಿ ಹಿಡಿದಿಡಲು ಮೊಣಕಾಲಿಗೆ ಜಾಸ್ತಿ ಕೆಲಸ. ಎಡದ ಅಂಚಿನಿಂದ ಬಲದ ಅಂಚಿಗೆ ಬರುವುದೂ ನಿಧಾನ. ಸಂಜೆ ಹೊತ್ತಿಗೆ ಕಾಲು ನಡುಗುವುದು ಕಾಲಿನ ತಪ್ಪೇ ಆಗಬೇಕಿಲ್ಲ, ಎಷ್ಟೋ ಸಲ ಅದು ಸ್ಕೀಯ ಅಗಲದ್ದು. ಪೂರ್ವದ ಕಡೆ, ಹದ ಮಾಡಿದ ಇಳಿಜಾರಿನಲ್ಲೇ ಹೆಚ್ಚು ಹೊತ್ತು ಕಳೆಯುವವರಿಗೆ 75ರಿಂದ 85 ಮಿಲಿಮೀಟರ್ ಸರಿಯಾದ ಅಗಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಂಗಡಿಯಲ್ಲಿ ಮುಂದಿನ ಸಾಲಿನಲ್ಲಿ ನೂರು ದಾಟಿದ ಸ್ಕೀಗಳು ಬಣ್ಣ ಬಣ್ಣವಾಗಿ ನಿಂತಿರುತ್ತವೆ. ಅವುಗಳನ್ನು ದಾಟಿ ಒಳಗೆ ಹೋಗಿ.

ಅಗಲ ತಿಳಿಯಲು ಯಾರನ್ನೂ ಕೇಳಬೇಕಾಗಿಲ್ಲ. ಸ್ಕೀಯ ಮೇಲೆ, ಸಾಮಾನ್ಯವಾಗಿ ಬಾಲದ ಹತ್ತಿರ, 127-82-110 ಅನ್ನುವ ಥರ ಮೂರು ಸಂಖ್ಯೆ ಇರುತ್ತವೆ. ಮೂತಿಯ ಅಗಲ, ನಡುವಿನ ಅಗಲ, ಬಾಲದ ಅಗಲ. ಪಕ್ಕದಲ್ಲಿ ಆರ್ ಅಂತ ಬರೆದು 15 ಮೀಟರ್ ಅಂತಿದ್ದರೆ ಅದು ತಿರುವಿನ ತ್ರಿಜ್ಯ. 13, 14 ಇದ್ದರೆ ಸ್ಕೀ ಚಿಕ್ಕ ಚಿಕ್ಕ ತಿರುವುಗಳನ್ನು ಇಷ್ಟಪಡುತ್ತದೆ. 18ರ ಮೇಲೆ ಹೋದರೆ ದೊಡ್ಡ ತಿರುವು, ಜಾಸ್ತಿ ವೇಗ. ನಮ್ಮ ಹುಡುಗ ಪುಟ್ಟ ತಿರುವಿನವನು. ಇಳಿಜಾರಿನ ಅಂಚು ಹಿಡಿದುಕೊಂಡು ಚಕಚಕನೆ ತಿರುಗುತ್ತಾ ಬರುತ್ತಾನೆ. ಅವನಿಗೆ 15ರ ಒಳಗೆ ಸಾಕು.

ಉದ್ದದ ವಿಷಯಕ್ಕೆ ಬಂದರೆ, ಬೆಟ್ಟದ ಮೇಲಕ್ಕೆ ಒಯ್ಯುವ ಕುರ್ಚಿ ಲಿಫ್ಟ್‌ನಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು ಅವನಿಗೆ ಕೈ ಮೇಲೆತ್ತಿದಷ್ಟು ಉದ್ದದ ಸ್ಕೀ ತಗೋ ಅಂದರಂತೆ. ಅದು ಅವರ ಕಾಲಕ್ಕೆ ಸರಿ. ಆಗ ಸ್ಕೀಗಳು ಹೆಚ್ಚುಕಮ್ಮಿ ನೇರವಾಗಿದ್ದವು, ಎರಡು ಮೀಟರ್ ಉದ್ದವೂ ಸಾಮಾನ್ಯ. 1993ರಲ್ಲಿ ಸ್ಲೊವೇನಿಯಾದ ಎಲಾನ್ ಕಂಪನಿ ನಡು ಸಣ್ಣಗಿದ್ದು ಎರಡು ತುದಿ ಅಗಲವಿರುವ ಎಸ್‌ಸಿಎಕ್ಸ್ ಸ್ಕೀ ತಂದ ಮೇಲೆ ಎಲ್ಲ ಬದಲಾಯಿತು. ಅಂಥ ಸ್ಕೀ ಓರೆ ಮಾಡಿದರೆ ತಾನೇ ಬಾಗಿ ತಿರುಗುತ್ತದೆ, ಅಷ್ಟು ಉದ್ದ ಬೇಕಾಗುವುದಿಲ್ಲ. ಈಗ ಗದ್ದದಿಂದ ಹಣೆಯವರೆಗೆ ಎಲ್ಲೋ ಒಂದು ಕಡೆ ನೋಡಿಕೊಳ್ಳುತ್ತಾರೆ. ನಾನು ಎತ್ತರಕ್ಕಿಂತ ತೂಕ ನೋಡು ಅನ್ನುತ್ತೇನೆ, ಯಾಕೆಂದರೆ ಸ್ಕೀಯನ್ನು ಬಗ್ಗಿಸುವುದು ತೂಕ. ಒಂದೇ ಎತ್ತರದ ಇಬ್ಬರಲ್ಲಿ 60 ಕಿಲೋದವರಿಗೂ 85 ಕಿಲೋದವರಿಗೂ ಒಂದೇ ಸ್ಕೀ ಕೊಡುವುದು ಸರಿಯಲ್ಲ.

ಅಂಗಡಿಗೆ ಹೋದಾಗ ಒಂದು ಕೆಲಸ ಮಾಡಿ. ಎರಡು ಸ್ಕೀಗಳ ತಳಕ್ಕೆ ತಳ ಸೇರಿಸಿ ಹಿಡಿದು ಬದಿಯಿಂದ ನೋಡಿ. ನಡುವೆ ಸಂದು ಕಾಣುತ್ತದೆ. ಎರಡನ್ನೂ ಕೈಯಿಂದ ಒತ್ತಿದರೆ ಆ ಸಂದು ಮುಚ್ಚಿಕೊಳ್ಳುತ್ತದೆ. ಅದೇ ಕ್ಯಾಂಬರ್. ನೀವು ಮೇಲೆ ನಿಂತಾಗ ಹಾಗೆಯೇ ಒತ್ತಿಕೊಂಡು ಅಂಚು ಉದ್ದಕ್ಕೂ ಹಿಮಕ್ಕೆ ತಾಗುತ್ತದೆ. ಈಗ ಮೂತಿಯ ಕಡೆ ನೋಡಿ. ಎರಡೂ ಎಲ್ಲಿಂದ ಬೇರೆಯಾಗಿ ಮೇಲಕ್ಕೆ ಹೋಗುತ್ತವೆ? ತುದಿಯ ಹತ್ತಿರವೇ ಆದರೆ ಗಟ್ಟಿ ಹಿಮಕ್ಕೆ ಒಳ್ಳೆಯದು. ತುಂಬಾ ಹಿಂದಿನಿಂದಲೇ ಏಳುತ್ತಿದ್ದರೆ ಅದು ರಾಕರ್ ಜಾಸ್ತಿ ಇರುವ ಸ್ಕೀ, ಆಳದ ಹಿಮಕ್ಕೆ ಮಾಡಿದ್ದು. ಆಮೇಲೆ ಬಾಲವನ್ನು ನೆಲಕ್ಕೆ ಊರಿ, ಮೂತಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ನಡುವನ್ನು ದೂಡಿ. ಸುಲಭವಾಗಿ ಬಗ್ಗುವುದು ಕಲಿಯುವವರ ಸ್ನೇಹಿತ. ಒಳಗೆ ಟೈಟಾನಲ್ ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹದ ಹಾಳೆ ಇದ್ದರೆ ಅಷ್ಟು ಬೇಗ ಬಗ್ಗುವುದಿಲ್ಲ. ವೇಗದಲ್ಲಿ ಅದು ಅದುರದೆ ನಿಲ್ಲುತ್ತದೆ, ನಿಧಾನದವರಿಗೆ ಮಾತ್ರ ಭಾರ.

"ಮುಂದಿನ ವರ್ಷ ಬ್ಲ್ಯಾಕ್ ಡೈಮಂಡ್ ಇಳೀತೀನಲ್ಲ, ಈಗ್ಲೇ ಗಟ್ಟಿ ಇರೋದು ತಗೊಂಡ್ರೆ?" ಅಂದ. ಬ್ಲ್ಯಾಕ್ ಡೈಮಂಡ್ ಅಂದರೆ ಕಷ್ಟದ, ಕಡಿದಾದ ಇಳಿಜಾರು; ನೀಲಿ ಗುರುತಿನದು ಮಧ್ಯಮ. ಅವನು ಈಗ ನೀಲಿ ಇಳಿಜಾರುಗಳಲ್ಲಿ ಎರಡು ಸ್ಕೀ ಸಮನಾಗಿ ಇಟ್ಟು ಚೆನ್ನಾಗಿ ಬರುತ್ತಾನೆ. ಕಡಿದಾದ ಕಡೆ ಮಾತ್ರ ಸ್ಕೀಗಳ ಮೂತಿ ಒಳಕ್ಕೆ ತಿರುಗಿ ವಿ ಆಕಾರಕ್ಕೆ ಬಂದುಬಿಡುತ್ತದೆ. ಗಟ್ಟಿ ಸ್ಕೀ ಕೊಟ್ಟರೆ ಅದನ್ನು ಬಗ್ಗಿಸಲಾಗದೆ ಹಿಂದಕ್ಕೆ ವಾಲಿ ಕೂರುವ ಅಭ್ಯಾಸ ಬೀಳುತ್ತದೆ. ಆ ಅಭ್ಯಾಸ ಬಿಡಿಸುವುದು ಬಹಳ ಕಷ್ಟ. ಇವತ್ತಿನ ಕಾಲಿಗೆ ಹೊಂದಿ, ಕಲಿಯಲು ಸ್ವಲ್ಪ ಜಾಗ ಬಿಡುವ ಮಧ್ಯಮ ಬಿಗಿಯ ಸ್ಕೀ ಸಾಕು.

ನನ್ನ ಕೇಳಿದರೆ ಇದೆಲ್ಲಕ್ಕಿಂತ ಮೊದಲು ಬೂಟಿಗೆ ದುಡ್ಡು ಹಾಕಬೇಕು. ನೀವು ಹೇಳಿದ್ದನ್ನು ಸ್ಕೀಗೆ ಮುಟ್ಟಿಸುವುದು ಬೂಟು. ಒಳಗಿನ ಮೆತ್ತೆ ತೆಗೆದು ಬರೀ ಹೊರಚಿಪ್ಪಿನಲ್ಲಿ ಕಾಲಿಟ್ಟು, ಬೆರಳು ಮುಂದೆ ತಾಗುವಂತೆ ನಿಂತಾಗ ಹಿಮ್ಮಡಿ ಹಿಂದೆ ಒಂದೂವರೆ ಎರಡು ಸೆಂಟಿಮೀಟರ್ ಜಾಗ ಇದ್ದರೆ ಸರಿ. ದಪ್ಪ ಕಾಲುಚೀಲ ಎರಡೆರಡು ಹಾಕಬೇಡಿ. ಒಂದೇ ತೆಳುವಾದದ್ದು ಸಾಕು, ಬೂಟಿನೊಳಗೆ ಕಾಲು ಅಲುಗಬಾರದು.

ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಕೂರಿಸುವಾಗ ಅಂಗಡಿಯವರು ಫಾರ್ಮ್ ಕೊಡುತ್ತಾರೆ. ವಯಸ್ಸು, ತೂಕ, ಎತ್ತರ, ಜೊತೆಗೆ ನಿಮ್ಮ ಸ್ಕೀಯಿಂಗ್ 1, 2, 3ರಲ್ಲಿ ಯಾವ ಥರ ಅಂತ; 1 ಅಂದರೆ ನಿಧಾನ, ಎಚ್ಚರಿಕೆಯವರು, 3 ಅಂದರೆ ವೇಗದವರು. ಬೂಟಿನ ತಳದ ಅಳತೆಯನ್ನೂ ಸೇರಿಸಿ, ಬಿದ್ದಾಗ ಬೂಟು ಎಷ್ಟು ಬಲಕ್ಕೆ ಬಿಟ್ಟುಕೊಳ್ಳಬೇಕು ಅನ್ನುವುದನ್ನು ಇದರಿಂದಲೇ ಲೆಕ್ಕ ಹಾಕುತ್ತಾರೆ. ದಯವಿಟ್ಟು ತೂಕ ಕಡಿಮೆ ಬರೆಯಬೇಡಿ, ಸುಮ್ನೆ 3 ಅಂತಲೂ ಬರೆಯಬೇಡಿ. ಮೊಣಕಾಲಿನ ವಿಷಯ ಅದು.

ಅವನಿಗೆ ಬೂಟು ಈಗಲೇ ತಗೋ ಅಂದಿದ್ದೇನೆ. ಸ್ಕೀಗೆ ಮಾತ್ರ ಮಾರ್ಚ್‌ವರೆಗೆ ಕಾಯಲಿ. ಅಷ್ಟರಲ್ಲಿ ಬೆಟ್ಟದ ಬುಡದಲ್ಲಿ ಸ್ಕೀಗಳನ್ನು ಬಳಸಿ ನೋಡಲು ಕೊಡುವ ಡೆಮೊ ಅಂಗಡಿಯಿಂದ ಮೂರ್ನಾಲ್ಕು ಜೊತೆ ಬದಲಾಯಿಸಿ, ಒಂದೇ ಇಳಿಜಾರಿನಲ್ಲಿ ಇಳಿದು ನೋಡಲಿ. ಸೀಸನ್ ಮುಗಿಯುವಾಗ ಅದೇ ಡೆಮೊ ಸ್ಕೀಗಳನ್ನು ಕಡಿಮೆ ಬೆಲೆಗೆ ಮಾರುತ್ತಾರೆ. ಕೊಳ್ಳುವಾಗ ಉಕ್ಕಿನ ಅಂಚು ಇನ್ನೂ ಎಷ್ಟು ದಪ್ಪ ಉಳಿದಿದೆ, ತಳದಲ್ಲಿ ಆಳದ ಗೀರು ಇದೆಯಾ ಅಂತ ಬೆರಳಾಡಿಸಿ ನೋಡಿದರೆ ಆಯಿತು.